ಗರ್ಭಪಾತದ ನೈತಿಕತೆ ಕುರಿತು ನಾಲ್ಕು ಭಾನುವಾರದ ತರಗತಿ, ಸರಸ್ವತಿಪುರಂ, ಮೈಸೂರು

ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿ ದುಡಿದ ನನಗೆ ಗರ್ಭಪಾತ ಸರಿಯೋ ತಪ್ಪೋ ಎಂಬ ಪ್ರಶ್ನೆ ಹೊಸದಲ್ಲ. ಆದರೆ ಅದನ್ನು ದನಿ ಏರಿಸದೆ, ಒಂದೊಂದೇ ಎಳೆ ಬಿಡಿಸಿ ನೋಡುವುದನ್ನು ಕಲಿತದ್ದು ಮಂಡ್ಯದಿಂದ ರೈಲು ಹಿಡಿದು ಹೋಗಿ ಕುಳಿತ ಈ ನೀತಿಶಾಸ್ತ್ರದ ತರಗತಿಯಲ್ಲಿ.

ಎರಡನೆಯ ಭಾನುವಾರದ ಪಾಠವೊಂದಕ್ಕೇ ಕಟ್ಟಿದ ಶುಲ್ಕ ಸಾರ್ಥಕವಾಯಿತು. ಅಮೆರಿಕದ ತತ್ತ್ವಜ್ಞಾನಿ ಜೂಡಿತ್ ಜಾರ್ವಿಸ್ ಥಾಮ್ಸನ್ 1971ರ ತಮ್ಮ ಪ್ರಬಂಧದಲ್ಲಿ ಕಲ್ಪಿಸಿದ ಪಿಟೀಲು ವಾದಕನನ್ನು ನಮ್ಮ ಮೇಷ್ಟ್ರು ಮೈಸೂರಿನ ವೈಣಿಕನನ್ನಾಗಿ ಮಾಡಿಕೊಂಡರು. ನಿಮ್ಮನ್ನು ಹೊತ್ತೊಯ್ದು, ಮೂತ್ರಪಿಂಡ ಕೆಟ್ಟ ಆ ಕಲಾವಿದನ ರಕ್ತನಾಳಗಳನ್ನು ನಿಮ್ಮ ದೇಹಕ್ಕೆ ಜೋಡಿಸಿದ್ದಾರೆ. ಒಂಬತ್ತು ತಿಂಗಳು ಹಾಗೆಯೇ ಮಲಗಿದ್ದರೆ ಅವನು ಉಳಿಯುತ್ತಾನೆ. ಕಪ್ಪು ಹಲಗೆಯ ಮೇಲೆ ಎರಡು ಮಂಚ ಬರೆದು, ನಡುವೆ ಒಂದು ಗೆರೆ ಎಳೆದು, ಸೀಮೆಸುಣ್ಣವನ್ನು ಆ ಗೆರೆಯ ಮೇಲೆಯೇ ಒತ್ತಿ ಹಿಡಿದು, "ಈಗ ಎದ್ದು ಹೋಗುವ ಹಕ್ಕು ನಿಮಗಿದೆಯೇ?" ಎಂದು ಅವರು ಕೇಳಿದರು. ಭ್ರೂಣವನ್ನು ಪೂರ್ಣ ವ್ಯಕ್ತಿಯೆಂದೇ ಒಪ್ಪಿಕೊಂಡರೂ, ಇನ್ನೊಬ್ಬರ ದೇಹವನ್ನು ಬಳಸುವ ಹಕ್ಕು ಅದಕ್ಕೆ ತಾನಾಗಿ ಬರುವುದಿಲ್ಲ ಎಂಬ ವಾದ ನನಗೆ ಆ ಗೆರೆಯಲ್ಲಿ ಅರ್ಥವಾಯಿತು. ಒಪ್ಪಿಯೇ ಗಂಡನೊಡನೆ ಕೂಡಿ ಬಸಿರಾದವಳಿಗೆ ಈ ಅಪಹರಣದ ಹೋಲಿಕೆ ಸಲ್ಲುತ್ತದೆಯೇ ಎಂಬ ಆಕ್ಷೇಪವನ್ನೂ ಅವರು ಮುಚ್ಚಿಡಲಿಲ್ಲ. ಕೊಲ್ಲುವುದು ತಪ್ಪಾಗುವುದು ಮುಂದೆ ಬಾಳಬೇಕಾದ ಬದುಕನ್ನು ಕಸಿಯುವುದರಿಂದ, ಭ್ರೂಣಕ್ಕೂ ಅಂಥದೇ ಬದುಕು ಮುಂದಿದೆ ಎಂದು ಇನ್ನೊಬ್ಬ ತತ್ತ್ವಜ್ಞಾನಿ ಡಾನ್ ಮಾರ್ಕ್ವಿಸ್ 1989ರಲ್ಲಿ ಹೂಡಿದ ಎದುರುವಾದಕ್ಕೂ ಅಷ್ಟೇ ಗೌರವ ಸಿಕ್ಕಿತು.

ನನ್ನ ತಕರಾರು ಕೊನೆಯ ಭಾನುವಾರದ ಬಗ್ಗೆ. 2023ರಲ್ಲಿ ನಮ್ಮ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದದ್ದು ಇಲ್ಲಿಯ ಎಲ್ಲರಿಗೂ ನೆನಪಿದೆ. ದೇಹ ಅವಳದೇ ಆದರೆ ಹೆಣ್ಣೆಂಬ ಕಾರಣಕ್ಕೆ ತೆಗೆಸಿದಾಗ ಮಾತ್ರ ನಾವೇಕೆ ತಡೆಯುತ್ತೇವೆ? 1971ರ ಕಾಯ್ದೆ ಷರತ್ತಿನ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಟ್ಟರೆ, 1994ರ ಕಾಯ್ದೆ ಲಿಂಗಪತ್ತೆಯನ್ನೇ ನಿಷೇಧಿಸುತ್ತದೆ. ಈ ಎರಡನ್ನೂ ಒಟ್ಟಿಗೆ ಸಮರ್ಥಿಸುವ ತರ್ಕ ಯಾವುದು ಎಂಬುದೇ ಈ ಸೀಮೆಯವರ ಪ್ರಶ್ನೆ. ಅದಕ್ಕೆ ಸಿಕ್ಕಿದ್ದು ಹತ್ತೇ ನಿಮಿಷ.

ಹದಿನೆಂಟು ತುಂಬಿದವಳಾದರೆ ಅವಳೊಬ್ಬಳ ಒಪ್ಪಿಗೆ ಸಾಕೆಂದು ಕಾನೂನು ಹೇಳುತ್ತದೆ. ಆದರೂ ನಾನು ಫಾರಂ ಮುಂದಿಟ್ಟಾಗ ಪೆನ್ನು ಹಿಡಿದ ಹುಡುಗಿ ಮೊದಲು ನೋಡಿದ್ದು ಬಾಗಿಲಲ್ಲಿ ನಿಂತ ಅತ್ತೆಯ ಮುಖವನ್ನು. ಅವಳು ಮಾಡಿದ ಆ ಸಹಿಯನ್ನು ಅವಳ ಆಯ್ಕೆ ಎನ್ನಲು ನನಗೆ ಇವತ್ತಿಗೂ ಆಗುವುದಿಲ್ಲ. ಇದನ್ನು ಹೇಳಲು ಕೈ ಎತ್ತುವಷ್ಟರಲ್ಲಿ ಹೊತ್ತು ಮುಗಿದಿತ್ತು.

ಓದಲು ಕೊಟ್ಟ ಜೆರಾಕ್ಸ್ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಪಕ್ಕದಲ್ಲಿ ಕುಳಿತ ಆಶಾ ಕಾರ್ಯಕರ್ತೆಗೆ ಅವು ಉಪಯೋಗಕ್ಕೆ ಬರಲಿಲ್ಲ. ಕನ್ನಡದಲ್ಲಿ ಇಷ್ಟು ಚೆನ್ನಾಗಿ ಪಾಠ ಮಾಡುವವರು ಕನ್ನಡದಲ್ಲಿಯೇ ನಾಲ್ಕು ಪುಟ ಬರೆದುಕೊಡಬೇಕು. ಮುಂದಿನ ತಂಡಕ್ಕೆ ಹೆಣ್ಣುಭ್ರೂಣದ ಪ್ರಶ್ನೆಗೆಂದೇ ಐದನೆಯ ಭಾನುವಾರ ಸೇರಿಸಿದರೆ, ನಾನು ಮತ್ತೆ ಪೂರ್ತಿ ಶುಲ್ಕ ಕಟ್ಟಿ ಬರುತ್ತೇನೆ.