ಮನೆಯ ಶೆಡ್ಡಿಗೆ ಪದ್ಮಿನಿಯೋ, ಅಂಬಾಸಡರೋ?

ಕುಂಬಳೆ, ಬದಿಯಡ್ಕ ಕಡೆ ಅಡಿಕೆ ಶೆಡ್ಡಿನಲ್ಲಿ ಹಳೆ ಕಾರು ರಿಪೇರಿ ಮಾಡುವ ಆಸೆಯಿದ್ದರೆ ಕೊನೆಗೆ ಉಳಿಯುವುದು ಪ್ರೀಮಿಯರ್ ಪದ್ಮಿನಿ, ಹಿಂದೂಸ್ತಾನ್ ಅಂಬಾಸಡರ್, ಈ ಎರಡೇ ಹೆಸರು.

ಮೊದಲು ನೋಡಬೇಕಾದ್ದು ತುಕ್ಕು. ನಮ್ಮ ಮಳೆ, ಕಡಲ ಉಪ್ಪುಗಾಳಿ ಯಾವ ಕಾರನ್ನೂ ಬಿಡುವುದಿಲ್ಲ. ಎರಡಕ್ಕೂ ಬೇರೆ ಚಾಸಿ ಇಲ್ಲ, ಭಾರ ಹೊರುವುದು ಬಾಡಿಯೇ. ಹಾಗಾಗಿ ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು ಕೊಳೆತಿದ್ದರೆ ಬರೀ ಪುಟ್ಟಿ ಬಳಿದು ಮುಚ್ಚಬೇಡಿ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಲೇಬೇಕು. ಅಂಬಾಸಡರಿನ ತಗಡು ದಪ್ಪ, ಹೊಸಬರ ವೆಲ್ಡಿಂಗನ್ನೂ ತಡೆದುಕೊಳ್ಳುತ್ತದೆ.

ಪದ್ಮಿನಿಯ 1089 ಸಿಸಿ ಎಂಜಿನ್ ಚಿಕ್ಕದು, ಇಳಿಸುವುದು ಸುಲಭ. ಇಕ್ಕಟ್ಟಿನ ಶೆಡ್ಡಿಗೂ ಅದೇ ಚೆಂದ. ಸ್ಟಿಯರಿಂಗ್ ಪಕ್ಕದ ಗೇರಿನ ಸೊಗಸೇ ಬೇರೆ, ಅಲ್ವಾ? ಬಿಡಿಭಾಗಕ್ಕೆ ಮಾತ್ರ ಹುಡುಕಾಟ ಜಾಸ್ತಿ. ಅಂಬಾಸಡರ್ 2014ರವರೆಗೂ ತಯಾರಾದ್ದರಿಂದ ಆ ತಲೆನೋವು ಕಡಿಮೆ.

ಮಾಡಿಫೈ ಮಾಡುವವರಿಗೆ ನನ್ನ ಮತ ಅಂಬಾಸಡರಿಗೇ. ಬಾನೆಟ್ ಕೆಳಗೆ ಧಾರಾಳ ಜಾಗ. ಕಂಪನಿಯೇ ನಂತರದ ವರ್ಷಗಳಲ್ಲಿ 1.8 ಲೀಟರಿನ ಜಪಾನಿನ ಇಸುಜು ಎಂಜಿನ್ ಕೂರಿಸಿತ್ತು. ಆದರೆ ಎಂಜಿನ್ ಬದಲಿಸುವ ಮೊದಲೇ ಆರ್‌ಟಿಒ ಒಪ್ಪಿಗೆ ಬೇಕು. ಕಾರಿಗೆ 50 ವರ್ಷ ದಾಟಿದೆಯೇ? 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ, ಬಾಡಿ ಮತ್ತು ಎಂಜಿನ್ ಮೂಲದಂತೆ ಇದ್ದರೆ ಮಾತ್ರ. ಅಂಥ ಕಾರನ್ನು ದಯವಿಟ್ಟು ಕತ್ತರಿಸಬೇಡಿ.

ಒಬ್ಬರೇ, ಮೊದಲ ಸಲ ಕೈ ಹಾಕುವವರು ನೆಲ ಗಟ್ಟಿಯಿರುವ ಪದ್ಮಿನಿ ಹುಡುಕಿ. ಮಳೆಗಾಲ ಕಳೆದ ಕೂಡಲೇ ನೋಡಲು ಹೋಗಿ, ಎಲ್ಲಿ ಸೋರುತ್ತದೆಂದು ಆಗಲೇ ಗೊತ್ತಾಗುವುದು.