ಹಾಸನದಿಂದ ಚಿಕ್ಕಮಗಳೂರಿಗೆ ಮನೆ ಶಿಫ್ಟಿಂಗ್: ಒಬ್ಬರಿಗೆ 1 ಸ್ಟಾರ್, ಇನ್ನೊಬ್ಬರಿಗೆ 4

ಹೋದ್ವರ್ಷ ಮೇ ತಿಂಗಳಲ್ಲಿ ಟ್ರಾನ್ಸ್‌ಫರ್ ಆಗಿ ಹಾಸನ ಬಿಟ್ಟು ಚಿಕ್ಕಮಗಳೂರಿಗೆ ಬಂದ್ವಿ, ಈ ಜುಲೈಯಲ್ಲಿ ಓನರ್ ಮಗಳ ಮದುವೆ ಅಂತ ಮನೆ ಖಾಲಿ ಮಾಡಿಸಿದ್ರು, ಹಂಗಾಗಿ ಹದಿನಾಲ್ಕು ತಿಂಗಳಲ್ಲಿ ಎರಡು ಸಲ ಗಂಟುಮೂಟೆ ಕಟ್ಟಿದೀನಿ. ಮೊದಲನೇ ಸಲದ್ದು ಹೇಳ್ತೀನಿ ಕೇಳಿ.

ಮೊಬೈಲಲ್ಲಿ ಹುಡುಕಿದಾಗ ಮೊದಲು ಬಂದ ಪ್ಯಾಕರ್ಸ್‌ ಕಂಪನಿ, ಸಾವಿರಾರು ರಿವ್ಯೂ, ಅಡ್ರೆಸ್ಸು ಹಾಸನದ ಸಾಲಗಾಮೆ ರಸ್ತೆ. ಹೆಸರು ಹಾಕಲ್ಲ, ಹಾಕಿದ್ರೂ ಉಪಯೋಗ ಇಲ್ಲ, ಇಂಥೋರು ಹೆಸರು ಬದಲಾಯಿಸ್ಕೊಂಡೇ ಓಡಾಡ್ತಾರೆ. ಫೋನ್ ಮಾಡಿದ್ರೆ ಒಬ್ಬ ಹುಡುಗ, ಭಾರೀ ವಿನಯ, "ಸಾರ್ ಎರಡು ಬೆಡ್‌ರೂಂ ಮನೆ ತಾನೆ, 6,500, ಪ್ಯಾಕಿಂಗು ಲೋಡಿಂಗು ಎಲ್ಲಾ ಸೇರಿ" ಅಂದ. ಸಾಮಾನು ನೋಡೋಕೆ ಬರೋದಿಲ್ವೇನಪ್ಪ ಅಂದ್ರೆ ಫೋಟೋ ಕಳ್ಸಿ ಸಾಕು ಅಂದ. ನಮ್ಮ ಬೀದಿ ಕ್ಯಾಂಟರ್‌ನೋರು 9,000 ಅಂದಿದ್ರು, ದುಬಾರಿ ಅಂತ ಬಿಟ್ಟು ಇವನಿಗೆ ಸಾವಿರ ರೂಪಾಯಿ ಅಡ್ವಾನ್ಸ್ ಹಾಕ್ದೆ. ದುಡ್ಡು ಹೋಗಿದ್ದು ಯಾರದ್ದೋ ಸ್ವಂತ ಹೆಸರಿಗೆ, ಕಂಪನಿ ಹೆಸರಿಗಲ್ಲ, ಅಲ್ಲೇ ಎಚ್ಚರ ಆಗ್ಬೇಕಿತ್ತು, ಆಗ್ಲಿಲ್ಲ.

ಬೆಳಗ್ಗೆ ಬಂದ್ರು, ಒಂದು ಗಂಟೆಲಿ ಎಲ್ಲಾ ತುಂಬಿದ್ರು, ಅಮ್ಮನ ತೇಗದ ಮಂಚ, ಬೀರು, ಗ್ರೈಂಡರ್, ವಾಷಿಂಗ್ ಮಷೀನು. ಬಬಲ್ ಶೀಟ್ ಅಂದಿದ್ದು ಹಳೇ ಬೆಡ್‌ಶೀಟ್ ಆಗಿತ್ತು, ಹೋಗ್ಲಿ ಬಿಡಿ. ನಾವು ಬಸ್ಸಲ್ಲಿ ಚಿಕ್ಕಮಗಳೂರಿಗೆ ಬಂದು ಬೀಗ ತೆಗೆದು ಕಾಯ್ತಾ ಕೂತ್ರೆ ನಾಲ್ಕು ಗಂಟೆಗೆ ಫೋನು: "ಸಾರ್ ಗಾಡಿ ಬೇಲೂರಲ್ಲಿ ನಿಲ್ಸಿದೀವಿ, ಸಾಮಾನು ಜಾಸ್ತಿ ಆಗಿದೆ, ಬಿಲ್ 15,400, ಹಾಕಿದ್ರೆ ಹೊರಡ್ತೀವಿ." ಬೇಲೂರಿಂದ ಚಿಕ್ಕಮಗಳೂರು ಇಪ್ಪತ್ತೈದು ಕಿಲೋಮೀಟರ್ ಇರಬೋದು, ಅಷ್ಟು ಹತ್ರ ಬಂದು ಕುತ್ತಿಗೆ ಹಿಡಿದ್ರು ನೋಡಿ.

ವಾಟ್ಸಾಪಲ್ಲಿ ಬಿಲ್ ಬಂತು, ಅದನ್ನ ಓದಿದ್ರೆ ನಗು ಬರುತ್ತೆ. ಆಕ್ಟ್ರಾಯ್ ಅಂತೆ, ಊರೊಳಗೆ ಸಾಮಾನು ತರೋಕೆ ಹಾಕ್ತಿದ್ದ ಸುಂಕ! ಕರ್ನಾಟಕದಲ್ಲಿ ಅದು ಜಿಎಸ್‌ಟಿ ಬರೋಕೆ ಎಷ್ಟೋ ವರ್ಷ ಮುಂಚೇನೇ ಹೋಗಿತ್ತು. ಈ-ವೇ ಬಿಲ್ (ಸರಕು ಸಾಗಿಸೋಕೆ ಆನ್‌ಲೈನಲ್ಲಿ ತಗೊಳ್ಳೋ ಜಿಎಸ್‌ಟಿ ಚೀಟಿ) ಚಾರ್ಜ್ ಅಂತೆ, ಮನೆಯ ಬಳಸಿದ ಸಾಮಾನಿಗೆ ಈ-ವೇ ಬಿಲ್ಲೇ ಬೇಡ. ಇನ್ಶೂರೆನ್ಸ್ ಅಂತ 3 ಪರ್ಸೆಂಟು, ಆದ್ರೆ ಪಾಲಿಸಿ ನಂಬರೂ ಇಲ್ಲ, ಇನ್ಶೂರೆನ್ಸ್ ಕಂಪನಿ ಹೆಸರೂ ಇಲ್ಲ. ಜಿಎಸ್‌ಟಿ ನಂಬರ್ ಶುರುವಾಗೋದು 07ರಿಂದ. ಅದು ದಿಲ್ಲಿ ಕಣ್ರೀ, ಕರ್ನಾಟಕದ್ದು 29. ಸಾಲಗಾಮೆ ರಸ್ತೆ ಯಾವಾಗ ದಿಲ್ಲಿಗೆ ಹೋಯ್ತೋ ಗೊತ್ತಿಲ್ಲ.

112ಕ್ಕೆ ಫೋನ್ ಮಾಡ್ತೀನಿ ಅಂದ ಮೇಲೆ ದನಿ ಇಳೀತು, ಕೊನೆಗೆ ಅಡ್ವಾನ್ಸ್ ಸೇರಿ 12,000ಕ್ಕೆ ಮುಗೀತು. ಸಾಮಾನು ಬಂದಾಗ ರಾತ್ರಿ ಒಂಬತ್ತು, ಬೀರು ಕನ್ನಡಿ ಪುಡಿ, ವಾಷಿಂಗ್ ಮಷೀನು ಕಾಲು ಮುರ್ದಿತ್ತು. ಅಮ್ಮ ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ತಂದ ಉಪ್ಪಿನಕಾಯಿ ಭರಣಿ ಒಂದೇ ನೆಟ್ಟಗಿದ್ದಿದ್ದು, ಅದನ್ನ ಅವರು ಇವತ್ತಿಗೂ ಬಂದೋರಿಗೆಲ್ಲ ಹೇಳ್ತಾರೆ.

ಬಿಡಬಾರ್ದು ಅಂತ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಗೊತ್ತಿರೋ ಲಾಯರ್ ಒಬ್ಬರು, ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಫೀಸಿಲ್ಲ, 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ ಪ್ರಕಾರ ಸಾಮಾನು ಹಾಳಾಗಿದ್ದಕ್ಕೆ ಬುಕ್ ಮಾಡಿ 180 ದಿನದೊಳಗೆ ನೋಟಿಸ್ ಕೊಡ್ಬೇಕು ಅಂದ್ರು, ಆಮೇಲೆ ಕೇಳಿದ್ರು, ನೋಟಿಸ್ ಯಾವ ಅಡ್ರೆಸ್ಸಿಗೆ ಕಳಿಸೋದು, ಎಲ್‌ಆರ್ ಕಾಪಿ, ಅಂದ್ರೆ ಸಾಮಾನು ತುಂಬಿಸ್ಕೊಂಡಿದ್ದಕ್ಕೆ ಲಾರಿಯೋರು ಕೊಡೋ ರಸೀದಿ, ಎಲ್ಲಿ ಅಂತ. ಎಲ್‌ಆರ್ ಕೊಟ್ಟೇ ಇರ್ಲಿಲ್ಲ. ಹಾಸನದಲ್ಲಿರೋ ಫ್ರೆಂಡ್‌ನ ಸಾಲಗಾಮೆ ರಸ್ತೆಗೆ ಕಳಿಸ್ದೆ, ಆ ನಂಬರಿನ ಬಿಲ್ಡಿಂಗಲ್ಲಿ ಒಂದು ಝೆರಾಕ್ಸ್ ಅಂಗಡಿ, ಅವರಿಗೆ ಕೇಳಿ ಕೇಳಿ ಸಾಕಾಗಿತ್ತಂತೆ, "ನೀವು ಎಷ್ಟನೇಯೋರೋ ಏನೋ" ಅಂದ್ರಂತೆ. ನಾನಿದ್ದ ಮನೆಯಿಂದ ಅಲ್ಲಿಗೆ ಹತ್ತು ನಿಮಿಷದ ನಡಿಗೆ. ದಿನಾ ಹಾಲು ತರೋಕೆ ಅದೇ ದಾರೀಲಿ ಹೋಗ್ತಿದ್ದೆ!

ಈ ಜುಲೈದು ಬೇರೆ ಕತೆ. ಇಲ್ಲಿ ಗಾಡಿ ಸ್ಟ್ಯಾಂಡಿಗೇ ಹೋದೆ, ಸ್ವಂತ ಕ್ಯಾಂಟರ್ ಇರೋ ಒಬ್ರು, ಫೋನಲ್ಲಿ ರೇಟ್ ಹೇಳೋಕೆ ಒಪ್ಲೇ ಇಲ್ಲ. ಸಂಜೆ ಮನೆಗೆ ಬಂದ್ರು, ಅಟ್ಟದ ಮೇಲೆ ಏನೈತೆ ಸಾರ್ ಅಂತ ಸ್ಟೂಲ್ ಹಾಕಿ ಹತ್ತಿ ನೋಡಿದ್ರು, ಹೊಸ ಮನೆ ಎರಡನೇ ಫ್ಲೋರಾ, ಲಿಫ್ಟ್ ಇದೆಯಾ, ಗಾಡಿ ಗೇಟ್ ತನಕ ಬರುತ್ತಾ ಎಲ್ಲಾ ಕೇಳಿದ್ರು. ಕ್ಯಾಲೆಂಡರ್ ಹಾಳೆ ಹರ್ದು ಹಿಂದೆ ಬರೆದ್ರು: ಕ್ಯಾಂಟರ್ ಒಂದು ಟ್ರಿಪ್ಪು, ಹಮಾಲಿ ನಾಲ್ಕು ಜನ, ಟಾರ್ಪಲ್ ನಮ್ದೇ, 7,500. ಸೈನ್, ಆಧಾರ್ ಕಾರ್ಡ್ ಫೋಟೋ, ಗಾಡಿ ನಂಬರ್ ಎಲ್ಲಾ ಕೇಳೋಕ್ ಮುಂಚೇನೆ ಕೊಟ್ರು. ಅಡ್ವಾನ್ಸ್ ಬೇಡ, ಲೋಡ್ ಆದ್ಮೇಲೆ ಡೀಸೆಲ್ಲಿಗೆ ಅಂತ ಸಾವಿರ, ಮಿಕ್ಕಿದ್ದು ಇಳಿಸಿದ್ಮೇಲೆ. ಜಿಎಸ್‌ಟಿ ಬಿಲ್ ಇಲ್ಲ, ಆಫೀಸಿಂದ ಶಿಫ್ಟಿಂಗ್ ದುಡ್ಡು ಕ್ಲೈಮ್ ಮಾಡೋರಿಗೆ ಇದು ಆಗಲ್ಲ. ನಾನು ಕ್ಲೈಮ್ ಮಾಡೋನಲ್ಲ.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಎಂಟಕ್ಕೆ ಅಂತ ಹತ್ತೂಕಾಲಿಗೆ ಬಂದ್ರು, ಸೋನೆ ಮಳೆ ಶುರುವಾಗಿ ಹಾಸಿಗೆ ಒಂದು ಮೂಲೆ ನೆನೀತು, ತುಳಸಿ ಕುಂಡದ ಅಂಚು ಒಡೀತು. ಕುಂಡದ ದುಡ್ಡು ಹಿಡ್ಕೊಳಿ ಅಂತ ಅವರೇ 200 ಕಮ್ಮಿ ತಗೊಂಡ್ರು. ಬೀರು ಕನ್ನಡಿ ಮಾತ್ರ ಹೋದ್ವರ್ಷದ್ದು ಇನ್ನೂ ಹಾಕಿಸಿಲ್ಲ, ಅವರು ಬೀರು ಎತ್ತೋ ಮುಂಚೆ ಅದನ್ನ ನೋಡಿ "ಸಾರ್ ಇದು ಮುಂಚೇನೇ ಹೋಗಿತ್ತು ತಾನೆ" ಅಂತ ಫೋಟೋ ಹಿಡ್ಕೊಂಡ್ರು.