ಭೌತಶಾಸ್ತ್ರದ ಪಾಠ ತಲೆಗೆ ಹತ್ತದಿದ್ದರೆ: ಟ್ಯೂಷನ್ನೋ, ಸ್ವಂತ ಓದೋ?

ದ್ವಿತೀಯ ಪಿಯುಸಿಯ ಭೌತಶಾಸ್ತ್ರದ ಉಪನ್ಯಾಸಕರು ನೋಟ್ಸ್ ಬರೆಸಿ ಸುಮ್ಮನಾಗುತ್ತಾರೆ, ಟ್ಯೂಷನ್‌ಗೆ ಸೇರುವುದೋ, ಸ್ವತಃ ಓದಿಕೊಳ್ಳುವುದೋ ಎಂದು ಕೇಳಿದ್ದೀರಿ.

ಖರ್ಚಿನ ವಿಷಯದಲ್ಲಿ ಸ್ವಂತ ಓದಿಗೆ ಸಾಟಿಯಿಲ್ಲ. ಎನ್‌ಸಿಇಆರ್‌ಟಿ ಪಠ್ಯಪುಸ್ತಕವೂ ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳೂ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಸಮಯವೂ ಉಳಿಯುತ್ತದೆ, ಆದರೆ ತಪ್ಪು ತಿದ್ದುವವರಿರುವುದಿಲ್ಲ. ಕಿರ್ಚಾಫ್‌ನ ನಿಯಮದ ಲೆಕ್ಕದಲ್ಲಿ ಒಂದೇ ತಂತಿಯ ವಿದ್ಯುತ್ಪ್ರವಾಹಕ್ಕೆ ಎರಡು ಸಮೀಕರಣಗಳಲ್ಲಿ ಎರಡು ದಿಕ್ಕು ಹಿಡಿದು, ಉತ್ತರವೇಕೆ ತಾಳೆಯಾಗುತ್ತಿಲ್ಲವೆಂದು ಗಂಟೆಗಟ್ಟಲೆ ತಲೆಕೆಡಿಸಿಕೊಳ್ಳುವ ವಿದ್ಯಾರ್ಥಿಗೆ, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುವ ಶಿಕ್ಷಕರೊಬ್ಬರು ಬೇಕೇ ಬೇಕು. ನೂರು ಮಕ್ಕಳನ್ನು ಕೂರಿಸಿಕೊಂಡು ಮತ್ತೆ ನೋಟ್ಸನ್ನೇ ಬರೆಸುವ ಟ್ಯೂಷನ್ನಿನಿಂದ ಅದೂ ಆಗದು, ದುಡ್ಡು ದಂಡ.

ಡಿರೈವೇಷನ್ ಓದಿದರೆ ಅರ್ಥವಾಗುತ್ತದೆ, ಅಭ್ಯಾಸದ ಕೊರತೆಯಷ್ಟೇ ಇದೆ ಎನ್ನುವವರಿಗೆ ಸ್ವಂತ ಓದು ಸಾಕು. ಮೂಲ ಕಲ್ಪನೆಯೇ ಮಸುಕಾಗಿದ್ದು, ಎಂಜಿನಿಯರಿಂಗ್ ಗುರಿಯಿದ್ದರೆ, ರ್‍ಯಾಂಕಿಗೆ ಪಿಯುಸಿ ಮತ್ತು ಸಿಇಟಿ ಅಂಕಗಳೆರಡೂ ಸಮಪಾಲಾಗಿ ಸೇರುವುದರಿಂದ, ಸಣ್ಣ ಗುಂಪಿನ ಟ್ಯೂಷನ್ ಒಳ್ಳೆಯದು. ಪ್ರಾಯೋಗಿಕ ಪರೀಕ್ಷೆಯ 30 ಅಂಕಗಳಿಗೆ ಬೇಕಾದ ಅಭ್ಯಾಸ ಮಾತ್ರ ಕಾಲೇಜಿನ ಪ್ರಯೋಗಾಲಯದಲ್ಲೇ ಆಗಬೇಕು. ಪಾಠ ಎಷ್ಟೇ ಬೇಸರ ತಂದರೂ ಅಲ್ಲಿಗೆ ಚಕ್ಕರ್ ಹಾಕಬೇಡಿ.